ಒಡೆದ ತಂಬೂರಿಗೆ ಬೆಲೆ ಕಟ್ಟುವುದು

ಹೊರನಾಡಿನಲ್ಲಿ ನೆಲೆಸಿದ ನಮಗೆಲ್ಲ ಊರಿನಿಂದ ಬರುವ ಪಾರ್ಸೆಲ್ಲಿನ ಮೇಲೆ ಒಂದು ಬಗೆಯ ಮೋಹ. ಧಾರವಾಡದ ಫೇಡೆ, ಶೇಂಗಾ ಚಟ್ನಿ, ಕಟಕ ರೊಟ್ಟಿ ಇವೆಲ್ಲ ಇಂದು ಮುಂಬಯಿಯ ಅಂಗಡಿಗಳಲ್ಲಿಯೇ ಸಿಕ್ಕುತ್ತವೆ. ಆದರೂ ಊರಿನವರ ಕೈಯಿಂದ ಕಟ್ಟಿಸಿಕೊಂಡು ಬಂದ ಗಂಟನ್ನು ಬಿಚ್ಚುವ ಸುಖವೇ ಬೇರೆ. ಹಿಂದೆ ಇಂಥ ಗಂಟುಗಳು ಬಿಳಿಯ ಬಟ್ಟೆಯಲ್ಲಿ ಹೊಲಿಸಿಕೊಂಡು, ಹೊಲಿಗೆಯ ಮೇಲೆ ಅರಗಿನ ಮುದ್ರೆ ಒತ್ತಿಸಿಕೊಂಡು, ಅಂಚೆಯಲ್ಲಿ ಬರುತ್ತಿದ್ದವು. ಈಗ ಕೊರಿಯರಿನವರ ಪ್ಲಾಸ್ಟಿಕ್ ಚೀಲದಲ್ಲಿ ಬರುತ್ತವೆ. ಬೇಗ ಬರುತ್ತವೆ ಎಂಬುದನ್ನು ಒಪ್ಪಬೇಕು. ಹೇಗೆ ಬರುತ್ತವೆ ಎಂಬುದೇ ಈ ಲೇಖನದ ವಿಷಯ.

ಧಾರವಾಡದಲ್ಲಿರುವ ನಮ್ಮ ಸೋದರತ್ತೆಗೆ ಈಗ ಎಂಬತ್ತೆರಡು ವರ್ಷ. ಕೈಬೆರಳು ಸೆಟೆದುಕೊಂಡ ಮೇಲೆ ಅವರು ತಂಬೂರಿ ಹಿಡಿಯುವುದನ್ನು ಬಿಟ್ಟರು. ಡೊಂಬಿವಿಲಿಯಲ್ಲಿ ನಮ್ಮ ಮಗಳು ಗಾಯನ ಕಲಿಯುತ್ತಿದ್ದಾಳೆಂದು ತಿಳಿದು, 'ಇಲ್ಲಿ ಮೂಲ್ಯಾಗ ಸುಮ್ಮನ ನಿಂತದ, ಅಲ್ಲರೆ ನುಡೀಲಿ' ಎಂದು ಅದನ್ನು ಅವಳಿಗೆ ಕಳಿಸಲು ಮನಸ್ಸು ಮಾಡಿದರು. ಅವರ ಮೊಮ್ಮಗ ಎರಡು ಚಾದರಗಳನ್ನು ಸುತ್ತಿ, ಅದರ ಮೇಲೆ ರಟ್ಟು ಕಟ್ಟಿ, ಕೊರಿಯರ್ ಕಚೇರಿಗೆ ಒಯ್ದ. ಕೌಂಟರಿನಿಂದಲೇ ನಮಗೆ ಫೋನು ಮಾಡಿದ: 'ಮಾಮಾ, ಬೆಲಿ ಎಷ್ಟ ಬರಸ್ಲಿ? ಜಾಸ್ತಿ ಬರೆಸಿದ್ರ ರಿಸ್ಕ್ ಚಾರ್ಜ್ ಅಂತ ಬ್ಯಾರೆ ರೊಕ್ಕ ಕೇಳ್ತಾರ.'

'ಎರಡು ಸಾವಿರ ಅಂತ ಬರೆಸು, ಸಾಕು' ಎಂದೆವು. ಲೋಕಲ್ ಗಾಡಿಯಲ್ಲಿ ನೇತಾಡುತ್ತ ಹೇಳಿದ ಮಾತು. ಎರಡನೆಯ ಸಲ ಯೋಚಿಸಲಿಲ್ಲ. ಅಂಥದೇ ಹೊಸ ತಂಬೂರಿಗೆ ಇಪ್ಪತ್ತು ಸಾವಿರಕ್ಕೆ ಕಡಿಮೆ ಇಲ್ಲವೆಂಬುದು ನಮಗೆ ತಿಳಿಯದ ಸಂಗತಿಯೇನಲ್ಲ. ಉಳಿದುದು ಹೆಚ್ಚೆಂದರೆ ನಾಲ್ಕುನೂರು ರೂಪಾಯಿ.

ಆರನೆಯ ದಿನ ಪಾರ್ಸೆಲ್ ಬಂತು. ತಂದ ಹುಡುಗ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ಮೂರು ಮಹಡಿ ಏರಿ ಬಂದಿದ್ದ. ಆದರೆ ರಟ್ಟಿನ ಒಂದು ಮಗ್ಗುಲು ಒಳಕ್ಕೆ ಜಜ್ಜಿಹೋಗಿತ್ತು. ಚಾದರ ಬಿಚ್ಚುವಾಗ ಒಳಗಿನಿಂದ ಕರಕರ ಸಪ್ಪಳವಾಯಿತು. ದಂಡಿ ಸರಿಯಾಗಿತ್ತು, ಬಿರಡೆಗಳು ನಾಲ್ಕೂ ಇದ್ದವು, ಕುದುರೆ ಮಾತ್ರ ಕಿತ್ತು ಬಿದ್ದಿತ್ತು. ಬುರುಡೆ ಕೆಳಗಿನಿಂದ ಮೇಲಕ್ಕೆ ಸೀಳಿ, ಅಂಗೈ ಅಗಲದ ಒಂದು ಚೂರು ಒಳಗೆ ಬಿದ್ದುಕೊಂಡಿತ್ತು. ಮಗಳು ಏನೂ ಮಾತಾಡಲಿಲ್ಲ. ಆ ಚೂರನ್ನು ತೆಗೆದು ಸೀಳಿದ ಜಾಗಕ್ಕೆ ಹೊಂದಿಸಿ ನೋಡಿದಳು. ಹೊಂದಿಕೊಂಡಿತು. ಕೈ ಬಿಟ್ಟೊಡನೆ ಬಿತ್ತು.

ಹುಡುಗ ಗಾಬರಿಯಾಗಿದ್ದ. ನಮ್ಮ ಮಾತು ಕೇಳಿ ಅವನೂ ಕನ್ನಡಕ್ಕೆ ತಿರುಗಿದ. ಕಲಬುರಗಿ ಕಡೆಯವನು. 'ಕಾಕಾ, ನಮ್ಮ ಕೈಗಿ ಬಂದಾಗೇ ಹಿಂಗಿತ್ರಿ. ನಾ ಎಲ್ಲೂ ಬೀಳ್ಸಿಲ್ರಿ' ಎಂದ. ಅವನನ್ನು ನಾವು ನಂಬಿದೆವು. ಮೂರು ಮಹಡಿ ಹಾಗೆ ಹೊತ್ತು ತಂದವನು ಎಸೆದಿರಲಾರ. ಧಾರವಾಡದಿಂದ ಡೊಂಬಿವಿಲಿಯವರೆಗೆ ಎಷ್ಟು ಗೋದಾಮು, ಎಷ್ಟು ಕೈ! ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಭಿವಂಡಿಯಲ್ಲೋ ರಾತ್ರಿಯ ಎರಡು ಗಂಟೆಗೆ ಲಾರಿ ಖಾಲಿ ಮಾಡುವ ಅವಸರದಲ್ಲಿ ಯಾವನೋ ಕೈಬಿಟ್ಟಿದ್ದಾನೆ. ಅವನ ಹೆಸರು ನಮಗೆ ಎಂದೂ ತಿಳಿಯುವುದಿಲ್ಲ.

ಮೊದಲಿಗೆ ನಮಗೆ ಬಂದುದು ಸಿಟ್ಟು. ಇಪ್ಪತ್ತೈದು ಸಾವಿರ ವಸೂಲು ಮಾಡಿಯೇ ತೀರಬೇಕೆಂದು ಫೋಟೋಗಳನ್ನು ತೆಗೆದು, ರಸೀತಿಯನ್ನು ಹುಡುಕಿ ಕೊರಿಯರ್ ಕಚೇರಿಗೆ ಹೋದೆವು. ಗುಮಾಸ್ತ ಸಭ್ಯ ಮನುಷ್ಯ. ರಸೀತಿಯನ್ನು ತಿರುಗಿಸಿ ನಮ್ಮ ಮುಂದೆ ಇಟ್ಟು, ಒಂದೇ ಬೆರಳಿನಿಂದ ಬೆಲೆಯ ಕಲಮನ್ನು ತೋರಿಸಿದ. ಹಳೆಯ ವಾದ್ಯ, ರೂ. 2,000. ಕೆಳಗೆ ಮೊಮ್ಮಗನ ಸಹಿ.

ಮನೆಗೆ ಬಂದು ಕಾನೂನಿನ ಪುಸ್ತಕಗಳನ್ನು ತೆರೆದೆವು. ವಕೀಲಿಕೆ ನಮ್ಮ ಕಸುಬಲ್ಲ. ಆದರೆ ಅನ್ಯಾಯವಾಯಿತೆಂದು ಅನಿಸಿದಾಗ ಯಾರೂ ಅರ್ಧ ವಕೀಲರಾಗುತ್ತಾರೆ. ಅಲ್ಲಿ ಕಂಡುದು ನಮ್ಮ ಸಿಟ್ಟಿಗೆ ಒತ್ತಾಸೆಯಾಗಿಯೂ ಇತ್ತು, ಅದನ್ನು ಇಳಿಸುವಂತೆಯೂ ಇತ್ತು.

ಸಾಮಾನು ಹೊತ್ತವನು ಸಾಮಾನಿಗೆ ಹೊಣೆ ಎಂಬುದು ಇಂದಿನ ಮಾತಲ್ಲ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಇದಕ್ಕೊಂದು ನಿಯಮವಿದೆ: ರಾಜನ ಕಡೆಯಿಂದಾಗಲಿ ದೈವದಿಂದಾಗಲಿ ಆದ ನಷ್ಟವನ್ನು ಬಿಟ್ಟು, ಬೇರೆ ಯಾವ ರೀತಿಯಲ್ಲಿ ಸರಕು ಹಾಳಾದರೂ ಹೊತ್ತವನೇ ತುಂಬಿಕೊಡಬೇಕು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನು. ಈಗಿನ ಬೀದರ ಜಿಲ್ಲೆಯ ಬಸವಕಲ್ಯಾಣವೇ ಅದು. ನಮ್ಮ ಲೋಕಲ್ ಗಾಡಿಯ ಕಲ್ಯಾಣವಲ್ಲ. ಮುಂದೆ ಬ್ರಿಟಿಷರು ಆಳಿದಾಗಲೂ ನಮ್ಮ ನ್ಯಾಯಾಲಯಗಳು ದಾಯಭಾಗದ ವ್ಯಾಜ್ಯಗಳಿಗೆ ಮಿತಾಕ್ಷರೆಯನ್ನು ಬಿಚ್ಚಿ ನೋಡುತ್ತಿದ್ದವು. ಸಾಗಣೆಯ ವ್ಯಾಜ್ಯಕ್ಕೆ ಮಾತ್ರ ಅವರು ತಮ್ಮ ನಾಡಿನ ನಿಯಮವನ್ನೇ ತಂದರು. ಸೋಜಿಗವೆಂದರೆ ಆ ನಿಯಮವೂ ಹೆಚ್ಚು ಕಡಿಮೆ ಇದೇ. ದೈವಕೃತ್ಯ ಮತ್ತು ರಾಜನ ಶತ್ರುಗಳು, ಈ ಎರಡನ್ನು ಬಿಟ್ಟು ಬೇರೆ ನೆಪವನ್ನು ಇಂಗ್ಲಿಷ್ ಕಾನೂನು ಸಾಗಣೆದಾರನಿಗೆ ಕೊಡುತ್ತಿರಲಿಲ್ಲ. ನಮ್ಮವರು ರಾಜನನ್ನೇ ಹೆಸರಿಸಿದರು, ಅವರು ರಾಜನ ಶತ್ರುವನ್ನು ಹೆಸರಿಸಿದರು. ಯಾರ ಅನುಭವ ಹೆಚ್ಚು ಎಂಬುದನ್ನು ಓದುಗರೇ ಹೇಳಬೇಕು.

1865ರಲ್ಲಿ ಭಾರತಕ್ಕೆ ಸಾಗಣೆದಾರರ ಕಾಯದೆ ಬಂತು. ಹಾಳಾದ ಮಾಲಿಗಾಗಿ ದಾವೆ ಹೂಡಿದವನು ಸಾಗಣೆದಾರನ ನಿರ್ಲಕ್ಷ್ಯವನ್ನು ಸಾಬೀತು ಮಾಡಬೇಕಾಗಿಲ್ಲ ಎಂದು ಅದು ಹೇಳಿತು. ಇದು ನ್ಯಾಯವೇ. ನಡುರಾತ್ರಿ ಭಿವಂಡಿಯ ಗೋದಾಮಿನಲ್ಲಿ ನಡೆದುದನ್ನು ಡೊಂಬಿವಿಲಿಯಲ್ಲಿ ಮಲಗಿದ್ದವರು ಹೇಗೆ ತೋರಿಸಬಲ್ಲರು? ಆದರೆ ಅದೇ ಕಾಯದೆ ಇನ್ನೊಂದು ಮಾತನ್ನೂ ಹೇಳಿತ್ತು: ಚಿನ್ನ, ಬೆಳ್ಳಿ, ಗಾಜು, ಪಿಂಗಾಣಿ, ರೇಷ್ಮೆ ಮುಂತಾದ ವಸ್ತುಗಳನ್ನು ಒಪ್ಪಿಸುವಾಗ ಬೆಲೆಯನ್ನು ಮೊದಲೇ ಹೇಳದಿದ್ದರೆ, ನೂರು ರೂಪಾಯಿಗೆ ಮೀರಿದ ಮಾಲಿಗೆ ಸಾಗಣೆದಾರ ಹೊಣೆಯಲ್ಲ. ಆ ಕಾಯದೆಯ ಜಾಗದಲ್ಲಿ 2007ರ ರಸ್ತೆ ಸಾಗಣೆ ಕಾಯದೆ 2011ರಿಂದ ಜಾರಿಗೆ ಬಂದಿದೆ. ಮನೆ ಬಾಗಿಲಿಗೆ ತಲುಪಿಸುವ ಕೊರಿಯರ್‌ಗಳೂ ಅದರ ವ್ಯಾಖ್ಯೆಯೊಳಗೆ ಬರುತ್ತವೆ. ಹೆಚ್ಚಿನ ಹೊಣೆಯ ದರವನ್ನು ಕೊಟ್ಟು ಕಳಿಸದಿದ್ದರೆ ಪರಿಹಾರ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ; ಅದೂ ಕಾಗದದಲ್ಲಿ ಬರೆಸಿದ ಬೆಲೆಯನ್ನು ಮೀರುವಂತಿಲ್ಲ. ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಬರವಣಿಗೆಯಲ್ಲಿ ನೋಟೀಸು ಕೊಡಬೇಕು. ನಾವು ಕೊಟ್ಟ ಬಾಡಿಗೆ 640 ರೂಪಾಯಿ. ಹತ್ತು ಪಟ್ಟು ಎಂದರೆ 6,400. ಆದರೆ ಬರೆಸಿದ್ದು 2,000.

ಹೀಗೆ ಲೆಕ್ಕ ಹಾಕಿದಾಗ ನಮಗೆ ತಿಳಿದುದೇನೆಂದರೆ, ನಾವು ಒಂದೇ ತಂಬೂರಿಗೆ ಎರಡು ಬೆಲೆ ಹೇಳಲು ಹೊರಟಿದ್ದೆವು. ಕಳಿಸುವಾಗ ಒಂದು, ಒಡೆದ ಮೇಲೆ ಇನ್ನೊಂದು. ಕಳಿಸುವಾಗಿನ ಬೆಲೆಯಿಂದ ನಾಲ್ಕುನೂರು ರೂಪಾಯಿ ಉಳಿಯುತ್ತಿತ್ತು. ಒಡೆದ ಮೇಲಿನ ಬೆಲೆಯಿಂದ ಇಪ್ಪತ್ತು ಸಾವಿರ ಬರುತ್ತಿತ್ತು. ತರಕಾರಿಯವಳು ಕೊಳ್ಳುವ ತಕ್ಕಡಿ ಬೇರೆ, ಮಾರುವ ತಕ್ಕಡಿ ಬೇರೆ ಇಟ್ಟಿದ್ದರೆ ನಾವು ಬೀದಿಯಲ್ಲಿ ನಿಂತು ಕೂಗಾಡುತ್ತಿದ್ದೆವು.

ಇಲ್ಲಿ ಒಂದು ಆಕ್ಷೇಪ ಹುಟ್ಟುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ರಸೀತಿಯ ಬೆನ್ನಿನ ಮೇಲೆ ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಮುದ್ರಿಸಿದ ಷರತ್ತುಗಳನ್ನು ಯಾರು ಓದುತ್ತಾರೆ? ಹಿಂದೆ ಹತ್ತು ಜನ ಸಾಲಿನಲ್ಲಿ ನಿಂತಿರುವಾಗ ಸಹಿ ಮಾಡಿದವನು ಒಪ್ಪಿದನೆಂದು ಹೇಳುವುದು ಎಂಥ ಒಪ್ಪಿಗೆ? ಈ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ವಿದೇಶಕ್ಕೆ ಕಾಗದಪತ್ರಗಳನ್ನು ಕಳಿಸಿ ತಡವಾಗಿ ನಷ್ಟವಾದ ಒಂದು ಪ್ರಕರಣದಲ್ಲಿ, ಸಹಿ ಮಾಡಿದ ಚೀಟಿಯಲ್ಲಿ ನೂರು ಡಾಲರಿನ ಮಿತಿ ಇದ್ದರೆ ಆ ಮಿತಿಯೇ ಸೈ ಎಂದು 1996ರಲ್ಲಿ ನ್ಯಾಯಾಲಯ ಹೇಳಿತು. ಕಾನೂನಿಗೆ ಅದು ಸರಿ ಇರಬಹುದು. ನಮಗೆ ಮಾತ್ರ ಅದು ಪೂರ್ಣವಾಗಿ ಸರಿ ಎನಿಸುವುದಿಲ್ಲ. ಹೊರುವವನು ತನ್ನ ಹೊಣೆ ಎಲ್ಲಿಗೆ ಮುಗಿಯುತ್ತದೆಂಬುದನ್ನು ಕಳಿಸುವವನಿಗೆ ತಿಳಿಯುವ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳದೆ ಕಾಗದದ ಬೆನ್ನಿಗೆ ಅವಿತುಕೊಳ್ಳುವುದು ಪ್ರಾಮಾಣಿಕ ವ್ಯಾಪಾರವಲ್ಲ.

ಆದರೆ ಈ ವಾದ ನಮ್ಮ ಪಾಲಿಗೆ ಒದಗುವಂತಿರಲಿಲ್ಲ. ನಮ್ಮಿಂದ ಯಾರೂ ಏನನ್ನೂ ಮುಚ್ಚಿಟ್ಟಿರಲಿಲ್ಲ. ಬೆಲೆ ಎಷ್ಟು ಎಂದು ಕೇಳಿದರು, ನಾವು ಸುಳ್ಳು ಹೇಳಿದೆವು.

1854ರಲ್ಲಿ ಇಂಗ್ಲೆಂಡಿನಲ್ಲಿ ತೀರ್ಪಾದ ಒಂದು ಹಳೆಯ ಮೊಕದ್ದಮೆ ಈ ಮಾತಿಗೆ ಹತ್ತಿರದ್ದು. ಗ್ಲಾಸ್ಟರ್ ಪಟ್ಟಣದ ಹಿಟ್ಟಿನ ಗಿರಣಿಯೊಂದರ ಉಗಿಯಂತ್ರದ ದಂಡ ಮುರಿಯಿತು. ಅದನ್ನೇ ಮಾದರಿಯಾಗಿಟ್ಟುಕೊಂಡು ಹೊಸದನ್ನು ಮಾಡಿಸಲು ಗ್ರೀನಿಚ್ಚಿಗೆ ಕಳಿಸಿದರು. ಸಾಗಿಸುವವರು ತಡಮಾಡಿದರು, ಗಿರಣಿ ಅಷ್ಟು ದಿನ ಹೆಚ್ಚಿಗೆ ನಿಂತಿತು. ಗಿರಣಿಯವರು ಕಳೆದುಹೋದ ಲಾಭವನ್ನೂ ಕೇಳಿದರು. ಈ ದಂಡವಿಲ್ಲದೆ ಗಿರಣಿಯೇ ನಿಲ್ಲುತ್ತದೆಂದು ಸಾಗಿಸುವವರಿಗೆ ತಿಳಿಸಿರಲಿಲ್ಲವಾದ್ದರಿಂದ ಆ ಲಾಭಕ್ಕೆ ಅವರು ಹೊಣೆಯಲ್ಲ ಎಂದಿತು ನ್ಯಾಯಾಲಯ. ನಮ್ಮ 1872ರ ಕರಾರು ಕಾಯದೆಯ 73ನೆಯ ಕಲಮಿನಲ್ಲಿರುವುದೂ ಇದೇ ತತ್ತ್ವ. ಅತ್ತೆಯ ಐವತ್ತು ವರ್ಷಗಳ ಸಾಧನೆ ಆ ಬುರುಡೆಯೊಳಗಿದೆ ಎಂಬುದನ್ನು ನಾವು ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೂ ಅದಕ್ಕೆ ಕಲಮು ಎಲ್ಲಿದೆ, ಅದು ಬೇರೆ ಮಾತು.

ಇಷ್ಟಾಗುವಾಗ ಅತ್ತೆಯ ಫೋನು ಬಂತು.

'ತಂಬೂರಿ ಮುಟ್ಟಿತೇನಪಾ?'

'ಮುಟ್ಟಿತು ಅತ್ತೆ' ಎಂದೆವು. ಸುಳ್ಳಲ್ಲ, ಆದರೆ ಎರಡು ಸಾವಿರ ಎಂದು ಬರೆಸಿದಷ್ಟೇ ನಿಜ.

'ಅದರ ಬುರಡಿಗೆ ಹಿಂದೊಂದು ಸೀಳು ಇತ್ತಲ್ಲೋ. ನಿಮ್ಮ ಮಾಮಾ ಇದ್ದಾಗ ಮೀರಜಕ್ಕ ಒಯ್ದು ಕೂಡಿಸ್ಕೊಂಡು ಬಂದಿದ್ರು. ಹಾದ್ಯಾಗ ಅದು ಬಿಟ್ಟಿಲ್ಲಲ್ಲಾ?'

ಸೀಳಿನ ವಿಷಯ ನಮಗೆ ಗೊತ್ತಿರಲಿಲ್ಲ. ಫೋನು ಇಟ್ಟು, ಬುರುಡೆಯನ್ನು ಬೆಳಕಿಗೆ ಹಿಡಿದು ನೋಡಿದೆವು. ಒಡಕಿನ ಅಂಚಿನಲ್ಲಿ ಒಂದು ಗೇಣುದ್ದ ಹಳೆಯ ಅಂಟು ಕಪ್ಪಾಗಿ ಕಾಣುತ್ತಿತ್ತು. ಹೊಸ ಒಡಕು ಅಲ್ಲಿಂದಲೇ ಹೊರಟು ಮುಂದೆ ಹೋಗಿತ್ತು.

ಕೊರಿಯರಿನವರು ಕೊಟ್ಟ ಪರಿಹಾರದ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ಒಪ್ಪಿಸುವಾಗ ಮಾಲು ದೋಷವಿಲ್ಲದೆ ಇತ್ತೇ? ಹೌದು, ಇಲ್ಲ ಎಂದು ಎರಡು ಚೌಕ. ಅತ್ತೆ ಫೋನು ಮಾಡುವುದಕ್ಕೆ ಒಂದು ತಾಸು ಮೊದಲೇ ನಾವು ಅರ್ಜಿಯನ್ನು ತುಂಬಿದ್ದರೆ, ತುಂಬ ಸಮಾಧಾನದಿಂದ 'ಹೌದು' ಎಂದು ಗುರುತು ಹಾಕುತ್ತಿದ್ದೆವು. ಮಾಲಿನ ಒಳಗಿನ ದೋಷದಿಂದ ಆದ ನಷ್ಟಕ್ಕೆ ಸಾಗಿಸುವವನು ಹೊಣೆಯಲ್ಲವೆಂಬುದು ಹಳೆಯ ಪದ್ಧತಿ. 1989ರ ರೈಲ್ವೆ ಕಾಯದೆಯಲ್ಲಿಯೂ ರೈಲ್ವೆಗೆ ಇರುವ ವಿನಾಯಿತಿಗಳ ಪಟ್ಟಿಯಲ್ಲಿ ಅದು ಸೇರಿದೆ. ಆದ್ದರಿಂದ ಆ ಚೌಕ ಸುಮ್ಮನೆ ಹಾಕಿದ್ದಲ್ಲ.

ಸಂಘದ ವಾಚನಾಲಯದಲ್ಲಿ ಈ ಸಂಗತಿಯನ್ನು ಹೇಳಿದಾಗ ಬ್ಯಾಂಕಿನಿಂದ ನಿವೃತ್ತರಾದ ಗೆಳೆಯರೊಬ್ಬರು ನಕ್ಕರು. 'ನೀವೇನು ಸಂತರೇನ್ರೀ? ಮೂವತ್ತು ಸಾವಿರದ ಒಂದು ಬಿಲ್ಲು ತರ್ರಿ. ಗ್ರಾಹಕರ ಆಯೋಗಕ್ಕೆ ಹೋಗ್ರಿ. ಐದು ಲಕ್ಷದವರೆಗೆ ಫೀ ಸಹ ಇಲ್ಲ. ಅವರು ಹತ್ತು ಸಾವಿರಕ್ಕಾದರೂ ಇಳಿದು ಬರ್ತಾರ. ಸೀಳು ಇತ್ತು ಅಂತ ಯಾರಿಗೆ ಗೊತ್ತು?' ಆಯೋಗದ ವಿಷಯದಲ್ಲಿ ಅವರು ಹೇಳಿದ್ದು ನಿಜ. 2019ರ ಕಾಯದೆ ಗ್ರಾಹಕರಿಗೆ ಆ ದಾರಿಯನ್ನು ಸುಲಭ ಮಾಡಿದೆ, ಎರಡು ವರ್ಷದೊಳಗೆ ದೂರು ಕೊಡಬಹುದು. ಆ ಬಾಗಿಲನ್ನು ತಟ್ಟುವುದರಲ್ಲಿ ತಪ್ಪೇನಿಲ್ಲ. ಬಿಲ್ಲಿನ ಮಾತು ಬೇರೆ. ಗೆಳೆಯರು ಕೆಟ್ಟವರಲ್ಲ. ಕೌಂಟರಿನಲ್ಲಿ ಮರೆತುಹೋದ ಚಿಲ್ಲರೆಯನ್ನು ಓಡಿಹೋಗಿ ಹಿಂದಿರುಗಿಸುವ ಮನುಷ್ಯ. ಆದರೆ ಎದುರಿಗೆ ಮುಖವಿಲ್ಲದ ಕಂಪನಿ ನಿಂತಾಗ ನಮ್ಮಲ್ಲಿ ಅನೇಕರಿಗೆ ಸತ್ಯದ ಬಾಧ್ಯತೆ ತಪ್ಪಿತೆಂದು ತೋರುತ್ತದೆ. ಕಂಪನಿ ನಮಗೆ ಮೋಸ ಮಾಡುತ್ತದೆ, ನಾವು ಅದಕ್ಕೆ ಮಾಡಿದರೆ ಲೆಕ್ಕ ಸಮ ಎಂಬ ವಾದ. ಆದರೆ ಸಾಲವೂ ಸುಳ್ಳೂ ಹಾಗೆ ಒಂದಕ್ಕೊಂದು ವಜಾ ಆಗುವ ಬಾಬುಗಳಲ್ಲ ಎಂಬುದು ಬ್ಯಾಂಕಿನಲ್ಲಿ ಇದ್ದವರಿಗೆ ನಾವು ಹೇಳಬೇಕೇ?

ಇನ್ನೊಬ್ಬರ ಸಲಹೆ ಇದಕ್ಕೆ ತದ್ವಿರುದ್ಧ. ಹೋದದ್ದು ಹೋಯಿತು, ಋಣ ತೀರಿತು, ಕೇಳುವುದೇ ಬೇಡ. ಅತ್ತೆಯ ವಸ್ತುವಿಗೆ ರೊಕ್ಕ ಕೇಳುವುದು ಚೆಂದವಲ್ಲ ಎಂದರು. ಈ ಮಾತಿನಲ್ಲಿ ಒಂದು ಗಾಂಭೀರ್ಯವಿದೆ, ನಾವೂ ಎರಡು ದಿನ ಅದಕ್ಕೆ ಮರುಳಾಗಿದ್ದೆವು. ಆದರೆ ಯೋಚಿಸಿದಂತೆ ಇದೂ ಸರಿಯೆನಿಸಲಿಲ್ಲ. ಎಲ್ಲರೂ ಹೀಗೆ ದೊಡ್ಡಮನಸ್ಸಿನಿಂದ ಸುಮ್ಮನಿದ್ದರೆ ಆ ಗೋದಾಮಿನಲ್ಲಿ ನಾಳೆಯೂ ಗಂಟುಗಳನ್ನು ಎಸೆಯುತ್ತಾರೆ. ನಾಳೆ ಒಡೆಯುವುದು ಇನ್ನಾರದೋ ವಸ್ತು. ಅದನ್ನು ಕ್ಷಮಿಸುವ ಅಧಿಕಾರ ನಮಗೆ ಯಾರು ಕೊಟ್ಟರು? ಮೇಲಾಗಿ, ನಾವು ಸುಮ್ಮನಾಗಲು ಹೊರಟುದು ಔದಾರ್ಯದಿಂದಲೋ, ಆ 'ದೋಷವಿಲ್ಲದೆ ಇತ್ತೇ' ಎಂಬ ಚೌಕದಿಂದ ತಪ್ಪಿಸಿಕೊಳ್ಳಲೋ ಎಂಬುದೂ ನಮಗೆ ಅಷ್ಟು ಖಾತ್ರಿಯಾಗಿರಲಿಲ್ಲ.

ಮೊಮ್ಮಗನ ಕಟ್ಟುವಿಕೆಯ ಪ್ರಶ್ನೆಯೂ ಉಳಿದಿತ್ತು. ಮರದ ಪೆಟ್ಟಿಗೆ ಮಾಡಿಸದೆ ರಟ್ಟು ಕಟ್ಟಿದವನು ಅವನು. ಪುಕ್ಕಟೆ ಸಹಾಯ ಮಾಡಿದ ಹುಡುಗನನ್ನು ಅನ್ನುವುದು ಹೇಗೆ? 1703ರಲ್ಲಿ ಲಂಡನ್ನಿನಲ್ಲಿ ಇಂಥದೇ ಒಂದು ವ್ಯಾಜ್ಯ ನಡೆದಿತ್ತು. ಒಬ್ಬನು ಸ್ನೇಹಕ್ಕೆ, ಕೂಲಿಯಿಲ್ಲದೆ, ಇನ್ನೊಬ್ಬನ ಬ್ರಾಂಡಿ ಪೀಪಾಯಿಗಳನ್ನು ಒಂದು ನೆಲಮಾಳಿಗೆಯಿಂದ ಇನ್ನೊಂದಕ್ಕೆ ಸಾಗಿಸುವುದಾಗಿ ಒಪ್ಪಿ, ಒಂದನ್ನು ಒಡೆದ. ಪುಕ್ಕಟೆಯಾದರೂ ಕೈಗೆತ್ತಿಕೊಂಡ ಮೇಲೆ ಎಚ್ಚರ ತಪ್ಪಿದರೆ ಹೊಣೆಯೇ ಎಂದು ಮುಖ್ಯ ನ್ಯಾಯಮೂರ್ತಿ ಹೋಲ್ಟ್ ಮತ್ತು ಅವರ ಸಂಗಡಿಗರು ತೀರ್ಮಾನಿಸಿದರು. ಕಠಿಣವಾದರೂ ಒಪ್ಪತಕ್ಕ ಮಾತು. ಆದರೆ ನಮ್ಮ ಹುಡುಗ ಪೆಟ್ಟಿಗೆ ಮಾಡಿಸಲೇ ಎಂದು ಕೇಳಿದ್ದ. ಬೇಡ, ತಡವಾಗುತ್ತದೆ ಎಂದವರು ನಾವೇ.

ಕೊನೆಗೆ ತಂಬೂರಿಯನ್ನು ಮಡಿಲಲ್ಲಿಟ್ಟುಕೊಂಡು ರೈಲಿನಲ್ಲಿ ಮೀರಜಕ್ಕೆ ಹೋದೆವು. ಅಲ್ಲಿಯ ಸಿತಾರು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಬುರುಡೆಗಳು ಪಂಢರಪುರ, ಮಂಗಳವೇಢೆಯ ಕಡೆಯ ಹೊಲಗಳಿಂದ ಬರುತ್ತವೆ. ಕುಶಲಕರ್ಮಿ ಒಡಕಿನ ಅಂಚಿನ ಮೇಲೆ ಉಗುರು ಆಡಿಸಿ, ಬೆಳಕಿಗೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಮರಾಠಿಯಲ್ಲಿ ಹೇಳಿದ್ದರ ತಾತ್ಪರ್ಯ ಇಷ್ಟು: ಹಳೆಯ ಬೆಸುಗೆ ಒಳ್ಳೆಯದು, ಬೀಳಿಸದಿದ್ದರೆ ಇನ್ನೂ ಎಷ್ಟೋ ವರ್ಷ ಬರುತ್ತಿತ್ತು, ಬೆಸುಗೆ ಇಲ್ಲದಿದ್ದರೆ ಈ ಪೆಟ್ಟಿಗೆ ಬುರುಡೆ ಇಷ್ಟು ಒಡೆಯುತ್ತಿರಲಿಲ್ಲ. 'ಹಾಗಾದರೆ ಯಾರ ತಪ್ಪು?' ಎಂದೆವು. ಅವನು ನಕ್ಕು, ಬುರುಡೆ ಬದಲಿಸಲು ಏಳು ಸಾವಿರದ ಐದುನೂರು ಆಗುತ್ತದೆ ಎಂದ.

ಹಿಂದಿರುಗಿ ಬಂದು ಅರ್ಜಿ ತುಂಬಿದೆವು. ಬರೆಸಿದ ಬೆಲೆ 2,000, ಕೇಳುವುದು 2,000. ದೋಷದ ಚೌಕದಲ್ಲಿ 'ಇಲ್ಲ' ಎಂದು ಗುರುತು ಹಾಕಿ, ಹಳೆಯ ಬೆಸುಗೆಯ ವಿಷಯವನ್ನೂ, ಕುಶಲಕರ್ಮಿಯ ಎರಡೂ ಮಾತುಗಳನ್ನೂ, ಪೆಟ್ಟಿಗೆಯಿಲ್ಲದೆ ರಟ್ಟಿನಲ್ಲಿ ಕಟ್ಟಿದುದನ್ನೂ ಬೇರೆ ಹಾಳೆಯಲ್ಲಿ ಬರೆದೆವು. ಜಜ್ಜಿದ ರಟ್ಟಿನ ಫೋಟೋ ಲಗತ್ತಿಸಿ, ಅದು ಬಿದ್ದ ಪೆಟ್ಟೇ ಹೊರತು ಹಳೆಯ ಸೀಳಲ್ಲ ಎಂದು ಸ್ಪಷ್ಟ ಮಾಡಿದೆವು. ಈ ಹಣ ಮನೆಗೆ ತಂದುಕೊಟ್ಟ ಹುಡುಗನ ಪಗಾರದಿಂದ ಕಡಿತವಾಗಕೂಡದೆಂದೂ ಸೇರಿಸಿದೆವು. ಏಕೆಂದರೆ ಗುಮಾಸ್ತನು ಮಾತಿನ ನಡುವೆ, 'ಬಹಳ ಎಳೆದರೆ ಕೊನೆಗೆ ಆ ಪೋರನ ತಲೆಗೇ ಬರುತ್ತದೆ' ಎಂದಿದ್ದ. ನಮ್ಮನ್ನು ಹಿಂದೆ ಸರಿಸಲು ಹೇಳಿದನೋ, ನಿಜವನ್ನೇ ಹೇಳಿದನೋ ತಿಳಿಯದು. ನಿಜವಾಗಿದ್ದರೆ ಅದು ಕಂಪನಿಯ ನಾಚಿಕೆಗೇಡು. ಕೆಳಗಿನವನನ್ನು ಮುಂದೆ ನಿಲ್ಲಿಸಿ ಮೇಲಿನವರು ಹೊಣೆ ತಪ್ಪಿಸಿಕೊಳ್ಳುವುದು ನಮ್ಮ ಕಾಲದಲ್ಲಿ ಒಂದು ಪದ್ಧತಿಯೇ ಆಗಿದೆ.

ಗೆಳೆಯರಿಗೆ ಪ್ರತಿಯನ್ನು ತೋರಿಸಿದೆವು. 'ನೇಣಿನ ಹಗ್ಗ ನೀವೇ ಹೊಸೆದು ಕೊಟ್ಟಿರಿ' ಎಂದರು.

ಅವರ ಮಾತು ಸುಳ್ಳಾಗಲಿಲ್ಲ. ಆರು ವಾರಗಳ ಮೇಲೆ ಉತ್ತರ ಬಂತು. ತಮ್ಮ ಪತ್ರದಲ್ಲಿ ತಾವೇ ಒಪ್ಪಿಕೊಂಡಂತೆ ಮಾಲಿನಲ್ಲಿ ಮೊದಲೇ ದೋಷವಿದ್ದುದರಿಂದ ಪರಿಹಾರವನ್ನು ಕೊಡಲಾಗದು ಎಂದು ನಾಲ್ಕು ಸಾಲು. ಓದಿದಾಗ ನಮಗೆ ಆದುದು ಬರೀ ಸಿಟ್ಟಲ್ಲ, ಪೆದ್ದರಾದೆವೆಂಬ ಅವಮಾನ. ನಿಜ ಹೇಳಿದವನಿಗೆ ಸೊನ್ನೆ, ಬಾಯಿಮುಚ್ಚಿಕೊಂಡಿದ್ದರೆ ಎರಡು ಸಾವಿರ. ಆ ರಾತ್ರಿ ನಮಗೆ ಗೆಳೆಯರ ಮಾತೇ ಸರಿಯೆನಿಸಿತೆಂಬುದನ್ನು ಇಲ್ಲಿ ಮುಚ್ಚಿಡಲಾರೆವು. ಬೆಳಗಾದ ಮೇಲೆ ಎನಿಸಿದುದು ಬೇರೆ. ನಿಜ ಹೇಳಿದುದಕ್ಕೆ ಬಹುಮಾನ ಸಿಗಬೇಕೆಂದು ನಾವು ಹೇಳಿರಲಿಲ್ಲ. ಆದರೆ ನಮ್ಮ ನಿಜವನ್ನು ಅರ್ಧ ಮಾತ್ರ ಓದುವ ಹಕ್ಕು ಕಂಪನಿಗೂ ಇಲ್ಲ. ಸೀಳಿತ್ತು ಎಂದ ಅದೇ ಹಾಳೆಯಲ್ಲಿ, ಬೀಳಿಸದಿದ್ದರೆ ಒಡೆಯುತ್ತಿರಲಿಲ್ಲ ಎಂದೂ ಇದೆ.

ಅತ್ತೆಗೆ ಎಲ್ಲವನ್ನೂ ಹೇಳಿದ್ದು ಅದೇ ವಾರ. ಬುರುಡೆ ಬದಲಿಸಿ ಮೀರಜದಿಂದ ತಂದ ತಂಬೂರಿಯನ್ನು ಮಗಳು ಫೋನಿನ ಹತ್ತಿರ ಹಿಡಿದು ಮೀಟಿದಳು. ಅತ್ತೆ ಬಹಳ ಹೊತ್ತು ಕೇಳಿದರು. 'ಧ್ವನಿ ಬ್ಯಾರೆ ಆಗೇದ. ಇರಲಿ. ಮೊದಲನೇ ತಂತಿ ಇಳಿದದ ನೋಡು, ಸ್ವಲ್ಪ ಏರಿಸು' ಎಂದರು. ಎರಡು ಸಾವಿರ ಎಂದು ಬರೆಸಿದ ಮಾತಿಗೆ ಮಾತ್ರ, 'ಅಷ್ಟ ಏನು?' ಎಂದು ಒಂದೇ ಪ್ರಶ್ನೆ ಕೇಳಿದರು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಕಂಪನಿಯ ಮುಖ್ಯ ಕಚೇರಿಗೆ ಎರಡನೆಯ ಪತ್ರವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇವೆ. ಬಿಡಿಸಿದ ಹಳೆಯ ಬುರುಡೆಯನ್ನು ಕಾದಿಟ್ಟಿದ್ದೇವೆ, ಬೇಕಾದರೆ ಬಂದು ನೋಡಬಹುದೆಂದು ಬರೆದಿದ್ದೇವೆ. ಈ ಬಾರಿಯೂ ಕೇಳಿರುವುದು ಎರಡು ಸಾವಿರವೇ. 180 ದಿನಗಳ ಅವಧಿಯಲ್ಲಿ ಇನ್ನೂ ಎಪ್ಪತ್ತು ಚಿಲ್ಲರೆ ಉಳಿದಿವೆ. ಉತ್ತರ ಬಾರದಿದ್ದರೆ ಆಯೋಗಕ್ಕೆ ಹೋಗುವಾಗ ಜೊತೆಗೆ ಬರುವುದಾಗಿ ಬ್ಯಾಂಕಿನ ಗೆಳೆಯರು ಒಪ್ಪಿದ್ದಾರೆ.